ಕೆಮಿಸ್ಟ್ರಿಯೂ ಬೇಕು, ಬಿಸಿನೆಸ್ಸೂ ಬೇಕು ಅನ್ನುವ ಮಗಳಿಗೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡೂ ಇಷ್ಟ, ಒಂದೇ ಡಿಗ್ರಿಯಲ್ಲಿ ಓದಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಓದಿಸಬಹುದು. ನನ್ನ ಮಗ ಈಗ ಅದನ್ನೇ ಓದುತ್ತಿದ್ದಾನೆ. ಆದರೆ ಶುರುವಿನಲ್ಲಿ ನಾವು ಮಾಡಿದ ತಪ್ಪು ನಿಮ್ಮಿಂದ ಆಗಬಾರದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ವರ್ಷ ಅವನು ಗಣಿತ ಬಿಟ್ಟು ಮಾರ್ಕೆಟಿಂಗ್ ತಗೊಂಡ. ಯಾವಾಗ ಬೇಕಾದರೂ ಏನು ಬೇಕಾದರೂ ಓದಬಹುದಲ್ಲ, ಗಣಿತ ಆಮೇಲೆ ನೋಡೋಣ ಅಂತ ನಾವೂ ಸುಮ್ಮನಾದೆವು. ಎರಡನೇ ವರ್ಷ ಫಿಸಿಕಲ್ ಕೆಮಿಸ್ಟ್ರಿಗೆ ಹೆಸರು ಕೊಡಲು ಹೋದರೆ, ಮೊದಲ ವರ್ಷದ ಗಣಿತ ಪಾಸಾಗಿರಬೇಕು ಅಂದರು. ಆ ಕೆಮಿಸ್ಟ್ರಿ ಪಾಠ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಒಂದಿಡೀ ವರ್ಷ ಕಾಯಬೇಕಾಯಿತು.

ಅವರ ನಿಯಮದಲ್ಲಿ ತಪ್ಪಿರಲಿಲ್ಲ. ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಒಂದು ರಾಸಾಯನಿಕ ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಅಂತ ಲೆಕ್ಕ ಹಾಕಲು ಕ್ಯಾಲ್ಕುಲಸ್, ಅಂದರೆ ಬದಲಾವಣೆಯ ವೇಗ ಅಳೆಯುವ ಗಣಿತ, ಬೇಕೇ ಬೇಕು. ವಿಜ್ಞಾನ ಮೆಟ್ಟಿಲಿನ ಹಾಗೆ, ಒಂದು ಬಿಟ್ಟು ಮುಂದಿನದು ಹತ್ತೋಕಾಗಲ್ಲ. ಮಾರ್ಕೆಟಿಂಗ್, ಮ್ಯಾನೇಜ್‌ಮೆಂಟ್‌ನ ಶುರುವಿನ ಪಾಠಗಳನ್ನು ಮೂರನೇ ವರ್ಷದಲ್ಲೂ ಸೇರಿಸಿಕೊಳ್ಳಬಹುದು. ಅಕೌಂಟಿಂಗ್, ಫೈನಾನ್ಸ್ ಮಾತ್ರ ಅಲ್ಲೂ ಮೆಟ್ಟಿಲೇ. ಹಾಗಾಗಿ ಮೊದಲ ವರ್ಷ ವಿಜ್ಞಾನ, ಗಣಿತಕ್ಕೆ ಜಾಗ ಜಾಸ್ತಿ ಇರಲಿ.

ಒಂದೊಂದು ದೇಶದಲ್ಲಿ ಇದಕ್ಕೆ ಒಂದೊಂದು ಹೆಸರು. ಅಮೆರಿಕದಲ್ಲಿ ಡಬಲ್ ಮೇಜರ್, ಅಂದರೆ ಒಂದೇ ಡಿಗ್ರಿಯಲ್ಲಿ ಎರಡು ಮುಖ್ಯ ವಿಷಯ, ಇಲ್ಲವೇ ಮೇಜರ್ ಜೊತೆ ಮೈನರ್, ಅಂದರೆ ಒಂದು ಮುಖ್ಯ, ಇನ್ನೊಂದು ಚಿಕ್ಕದು. ಆಸ್ಟ್ರೇಲಿಯಾದಲ್ಲಿ ಡಬಲ್ ಡಿಗ್ರಿ, ನ್ಯೂಜಿಲೆಂಡ್‌ನಲ್ಲಿ ಕಾಂಜಾಯಿಂಟ್. ಈ ಎರಡು ಕಡೆ ಕೈಗೆ ಎರಡು ಡಿಗ್ರಿ ಬರುತ್ತದೆ, ಆದರೆ ಒಂದು ವರ್ಷವಾದರೂ ಹೆಚ್ಚು ಓದಬೇಕು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಓಪನ್ ಡಿಗ್ರಿ ಅಂತಲೇ ಇದೆ. ಆನರ್ಸ್‌ಗೆ ಒಟ್ಟು 360 ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಅಂಕ) ಬೇಕು, ವಿಷಯಗಳನ್ನು ಹೆಚ್ಚುಕಡಿಮೆ ನಾವೇ ಜೋಡಿಸಿಕೊಳ್ಳಬಹುದು. ಆದರೆ ಡಿಗ್ರಿಯ ಹೆಸರಿನಲ್ಲಿ ಕೆಮಿಸ್ಟ್ರಿ ಅಂತ ಇರಲ್ಲ. ಮುಂದೆ ರಸಾಯನ ವಿಜ್ಞಾನಿ ಆಗಬೇಕು, ಅಕೌಂಟೆಂಟ್ ಆಗಬೇಕು ಅನ್ನುವವರು ಆ ವೃತ್ತಿಯ ಸಂಸ್ಥೆ ಯಾವ ಯಾವ ವಿಷಯ ಕೇಳುತ್ತದೆ ಅಂತ ಸೇರುವ ಮೊದಲೇ ನೋಡಬೇಕು.

ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾಗಲ್ವಾ ಅಂತ ನಮ್ಮ ಮನೆಯಲ್ಲೂ ಕೇಳಿದರು. ನನಗೆ ರಾಯ್ ವ್ಯಾಗೆಲೋಸ್ ನೆನಪಾಗುತ್ತಾರೆ. ಅವರು ಡಾಕ್ಟರ್, ಬಯೋಕೆಮಿಸ್ಟ್ರಿ ಸಂಶೋಧಕರು, 1985ರಲ್ಲಿ ಅಮೆರಿಕದ ಮರ್ಕ್ ಔಷಧಿ ಕಂಪನಿಯ ಮುಖ್ಯಸ್ಥರಾದರು. ಕಣ್ಣು ಕಳೆಯುವ ರಿವರ್ ಬ್ಲೈಂಡ್‌ನೆಸ್ ರೋಗಕ್ಕೆ ಅವರ ಕಂಪನಿಯಲ್ಲಿ ಐವರ್‌ಮೆಕ್ಟಿನ್ ಅನ್ನುವ ಔಷಧಿ ಸಿದ್ಧವಿತ್ತು. ಕೊಂಡುಕೊಳ್ಳುವ ಶಕ್ತಿ ಮಾತ್ರ ಆ ರೋಗಿಗಳಿಗಿರಲಿಲ್ಲ. ಬೇಕಾದವರಿಗೆಲ್ಲ ಪುಕ್ಕಟೆ ಕೊಡುತ್ತೇವೆ ಅಂತ 1987ರಲ್ಲಿ ಕಂಪನಿ ಹೇಳಿತು. ಔಷಧಿ ಗೊತ್ತಿದ್ದು, ಕಂಪನಿಯ ಲೆಕ್ಕವೂ ಗೊತ್ತಿದ್ದವರು ಆ ಕುರ್ಚಿಯಲ್ಲಿ ಕೂತಿದ್ದು ಎಷ್ಟು ಒಳ್ಳೆಯದಾಯಿತು! ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೀವ ವಿಜ್ಞಾನ ಮತ್ತು ಮ್ಯಾನೇಜ್‌ಮೆಂಟ್ ಒಟ್ಟಿಗೆ ಕಲಿಸುವ ಕೋರ್ಸಿಗೆ ಅವರ ಹೆಸರಿದೆ.

ಇನ್ನೊಂದು ಮಾತು, ಸ್ಟಾಟಿಸ್ಟಿಕ್ಸ್ ಬಿಡಿಸಬೇಡಿ. ಹೊಸ ಔಷಧಿಯ ಪರೀಕ್ಷೆಗೂ ಗ್ರಾಹಕರ ಸರ್ವೆಗೂ ಅದೇ ಸ್ಯಾಂಪ್ಲಿಂಗ್, ಅದೇ ಲೆಕ್ಕ. ಮಗನಿಗೆ ಎರಡೂ ಕಡೆ ಉಪಯೋಗಕ್ಕೆ ಬಂದ ವಿಷಯ ಅದೊಂದೇ. ಅದನ್ನು ಎರಡೂ ಡಿಗ್ರಿಗೆ ಲೆಕ್ಕ ಹಿಡಿಯುತ್ತಾರಾ ಅಂತ ಕೇಳಿಕೊಳ್ಳಿ. ಲ್ಯಾಬ್ ಸಮಯವನ್ನೂ ನೋಡಿ. ಮಧ್ಯಾಹ್ನವೆಲ್ಲ ಲ್ಯಾಬಿಗೆ ಹೋದರೆ ಬಿಸಿನೆಸ್ ಕ್ಲಾಸ್ ತಪ್ಪುತ್ತದೆ.

ನಿಮ್ಮ ಮಗಳು ಕೊನೆಯ ವರ್ಷದಲ್ಲಿ ಏನೇನು ಓದಬೇಕು ಅಂದುಕೊಂಡಿದ್ದಾಳೋ ಮೊದಲು ಅದನ್ನು ಬರೆಯಲಿ. ಪ್ರತಿಯೊಂದಕ್ಕೂ ಹಿಂದೆ ಏನು ಓದಿರಬೇಕು ಅಂತ ಹುಡುಕುತ್ತಾ ಮೊದಲ ವರ್ಷದವರೆಗೆ ಬರಲಿ. ಆ ಪಟ್ಟಿ ಇಲ್ಲಿ ಹಾಕಿದರೆ ನಾನೂ ನನ್ನ ಮಗನೂ ಕೂತು ನೋಡಿ ಹೇಳುತ್ತೇವೆ.