ಅಜ್ಜಾರ ಗ್ರಾಮಫೋನಿಗೆ ಹುಣಸೆಹಣ್ಣು ಹಚ್ಚಬಹುದಾ?

ಪ್ರಶ್ನೆ (ಧಾರವಾಡದಿಂದ): ನಮಸ್ಕಾರ ಸರ್. ನಮ್ಮ ಅಜ್ಜಾರ ಎಚ್.ಎಂ.ವಿ. 102 ಪೆಟ್ಟಿಗೆ ಗ್ರಾಮಫೋನ್ ಅಟ್ಟದ ಮೇಲಿತ್ತು, ಈಗ ಇಳಿಸಿದ್ದೇವೆ. ಚಾವಿ ಕೊಟ್ಟರೆ ತಟ್ಟೆ ತಿರುಗುತ್ತದೆ. ಆದರೆ ಸೌಂಡ್ ಬಾಕ್ಸ್ (ಸೂಜಿ ಕೂರಿಸುವ ದುಂಡನೆಯ ಭಾಗ) ಹಿಡಿಯುವ ತೋಳು, ಹ್ಯಾಂಡಲ್, ಮೂಲೆಯ ಕ್ಲಿಪ್ಪು ಎಲ್ಲ ಮಂಕಾಗಿವೆ, ಅಲ್ಲಲ್ಲಿ ಜಂಗು ಹಿಡಿದಿದೆ. ಅವ್ವ ದೇವರ ಸಾಮಾನಿನ ಜೊತೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಡ್ತೀನಿ ಅಂತಿದ್ದಾರೆ. ಸದ್ಯಕ್ಕೆ ತಡೆದಿದ್ದೇನೆ. ಪೆಟ್ಟಿಗೆಯ ಜೊತೆ 'ಗಾಂಧಾರಿ ಹಂಗಲ್' ಅಂತ ಲೇಬಲ್ ಇರೋ ಪ್ಲೇಟೂ ಸಿಕ್ಕಿದೆ. ಹಾಕಿ ಕೇಳಬಹುದಾ?

ಉತ್ತರ: ತಡೆದದ್ದು ಬಹಳ ಒಳ್ಳೆಯದಾಯಿತು. ಹುಣಸೆಹಣ್ಣಿನ ಹುಳಿ ಬರೀ ಹಿತ್ತಾಳೆ, ತಾಮ್ರಕ್ಕೆ ಸರಿ. ನಿಮ್ಮ ಪೆಟ್ಟಿಗೆಯಲ್ಲಿ ಹೊಳೆಯುತ್ತಿದ್ದದ್ದು ಮೇಲಿನ ನಿಕಲ್ ಅಥವಾ ಕ್ರೋಮ್ ಲೇಪನ. ಹಳೇ ಲೇಪನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಹುಳಿ, ನೀರು ಅದರೊಳಗೆ ಇಳಿದರೆ ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇವತ್ತು ಫಳಫಳ ಅನ್ನುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಪದರ ಪೊರೆ ಪೊರೆಯಾಗಿ ಏಳುತ್ತದೆ. ಧಾರವಾಡದ ಮಳೆ ನಿಮಗೆ ಹೇಳಬೇಕಿಲ್ಲ.

ಹಿತ್ತಾಳೆ ಪಾಲಿಶ್ ಕೂಡ ಬೇಡ. ಅದರಲ್ಲಿ ಉಜ್ಜುವ ಪುಡಿ ಇರುತ್ತದೆ, ನಿಕಲ್ ಪದರವನ್ನು ಸವೆಸುತ್ತದೆ. ರಿಪೇರಿಗೆ ಬರುವ ಪೆಟ್ಟಿಗೆಗಳಲ್ಲಿ ತಿಕ್ಕಿ ತಿಕ್ಕಿ ಒಳಗಿನ ಹಿತ್ತಾಳೆಯ ಹಳದಿ ಕಾಣಿಸೋ ತೋಳುಗಳೇ ಜಾಸ್ತಿ. ನೋಡಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಹೋದ ನಿಕಲ್ ಮನೆಯಲ್ಲಿ ವಾಪಸ್ ಬರೋದಿಲ್ಲ.

ಮೊದಲು ನಿಕಲ್ಲೋ ಕ್ರೋಮೋ ನೋಡಿ. ಹಗಲು ಬೆಳಕಿನಲ್ಲಿ ಸ್ಟೀಲ್ ಚಮಚದ ಪಕ್ಕ ಇಡಿ. ನಿಕಲ್‌ಗೆ ಸ್ವಲ್ಪ ಹಳದಿ ಛಾಯೆ ಇರುತ್ತದೆ, ಕ್ರೋಮ್ ನೀಲಿ ಬಿಳುಪು. 1920ರ ದಶಕದ ಕೊನೆಯವರೆಗೆ ಸಾಮಾನ್ಯವಾಗಿ ನಿಕಲ್ಲೇ. 102 ಬಂದದ್ದು 1931ರಲ್ಲಿ, ಹಾಗಾಗಿ ನಿಮ್ಮದು ಕ್ರೋಮ್ ಇದ್ದೀತು. ಆದರೂ ನೋಡಿಯೇ ಮುಂದುವರಿಯಿರಿ.

ಒಣ ಬ್ರಶ್‌ನಿಂದ ಧೂಳು ತೆಗೆಯಿರಿ. ಹತ್ತಿಗೆ ಚಿಮಣಿ ಎಣ್ಣೆ ಹಚ್ಚಿ, ಚೆನ್ನಾಗಿ ಹಿಂಡಿ, ಜಿಡ್ಡು ಒರೆಸಿ. ಕಿಟಕಿ ತೆಗೆದಿರಲಿ, ಒಲೆ ಹತ್ತಿರ ಬೇಡ. ಮುಚ್ಚಳದ ಒಳಗಿನ ನಾಯಿ ಚಿತ್ರಕ್ಕೆ, ತಟ್ಟೆ ಮೇಲಿನ ಬಟ್ಟೆಗೆ ಒಂದು ಹನಿಯೂ ತಾಗಬಾರದು. ಆ ಚಿತ್ರ ಒರೆಸಿದರೆ ಎದ್ದೇ ಹೋಗುತ್ತದೆ. ಜಂಗಿನ ಚುಕ್ಕೆಗೆ ಹೊಲಿಗೆ ಮಷಿನ್ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕ್ರೋಮ್ ಆದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ಎಣ್ಣೆಯಲ್ಲೇ ಉಜ್ಜಿ. ಅದು ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳೋದಿಲ್ಲ. ನಿಕಲ್ ಆದರೆ 0000 ನಂಬರಿನ, ಅಂದರೆ ತೀರಾ ನಯವಾದ ಸ್ಟೀಲ್ ವುಲ್, ಎಣ್ಣೆ ಹಚ್ಚಿ, ಬೆರಳ ತುದಿಯ ಭಾರದಲ್ಲಿ ಮಾತ್ರ. ಪಾತ್ರೆ ತಿಕ್ಕೋ ಸ್ಕ್ರಬರ್ ಬೇಡವೇ ಬೇಡ. ಕಂದು ಬಣ್ಣ ಹೋಗಿ ಸಣ್ಣ ಕಪ್ಪು ಗುಂಡಿ ಉಳಿದರೆ ಅಲ್ಲಿಗೆ ನಿಲ್ಲಿಸಿ. ಅಲ್ಲಿ ಲೇಪನವೇ ಇಲ್ಲ, ಎಷ್ಟು ಉಜ್ಜಿದರೂ ಅಷ್ಟೇ. ಎಣ್ಣೆ ಒರೆಸಿ ತೆಳುವಾಗಿ ಮೇಣ ಹಚ್ಚಿ.

ಇನ್ನು ಪ್ಲೇಟು. ಗಾಂಧಾರಿ ಹಂಗಲ್ ಅಂದರೆ ನಮ್ಮ ಗಾಯಕಿ ಗಂಗೂಬಾಯಿ ಹಾನಗಲ್ ಅವರೇ. 1930ರ ದಶಕದ ಅವರ ಎಚ್.ಎಂ.ವಿ. ರೆಕಾರ್ಡುಗಳು ಆ ಹೆಸರಲ್ಲಿ ಬಂದಿವೆ. ದಯವಿಟ್ಟು ಈಗಲೇ ಹಾಕಬೇಡಿ. ಯಂತ್ರ ಸರಿಯಾದ ಮೇಲೆ, ಮೊದಲು ಬೇಡದ ಪ್ಲೇಟೊಂದನ್ನು ಹಾಕಿ ನೋಡಿ. ಒಂದು ಉಕ್ಕಿನ ಸೂಜಿ ಪ್ಲೇಟಿನ ಒಂದು ಮಗ್ಗುಲಿಗೆ ಮಾತ್ರ, ಆಮೇಲೆ ಹೊಸದು. ಸವೆದ ಸೂಜಿ ಪ್ಲೇಟಿನ ಗೆರೆಯನ್ನೇ ಕೆರೆಯುತ್ತದೆ.

ಪ್ರಶ್ನೆ (ಗದಗಿನಿಂದ): ಸರ್, ನಮ್ಮಲ್ಲಿರೋ ಯಂತ್ರದ ಸೌಂಡ್ ಬಾಕ್ಸ್ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು. ತೋಳಿನಿಂದ ಬಿಚ್ಚಿ ತೊಳೆಯೋಣ ಅಂದರೆ ಬರ್ತಾನೇ ಇಲ್ಲ. ಇಕ್ಕಳ ಹಾಕಿ ತಿರುಗಿಸಲಾ?

ಉತ್ತರ: ಬೇಡ ರೀ, ಇಕ್ಕಳ ಕೆಳಗಿಡಿ. ಆ ಬಿರುಕು ಪೆಟ್ಟಿನಿಂದ ಬಂದಿರಲಿಕ್ಕಿಲ್ಲ. ಬಹಳಷ್ಟು ಸೌಂಡ್ ಬಾಕ್ಸುಗಳು, ತೋಳಿನ ಬುಡಗಳು ಅಚ್ಚಿಗೆ ಹೊಯ್ದ ಸತುವಿನ ಮಿಶ್ರಲೋಹದವು. ಸತುವಿನಲ್ಲಿ ಸೀಸದಂಥ ಬೆರಕೆ ಉಳಿದಿದ್ದರೆ ತೇವಾಂಶಕ್ಕೆ ಅದು ಒಳಗಿಂದಲೇ ಕೊಳೆಯುತ್ತದೆ, ಉಬ್ಬುತ್ತದೆ, ಬಿರಿಯುತ್ತದೆ. ಉಬ್ಬಿದ್ದಕ್ಕೇ ತೋಳಿನಲ್ಲಿ ಸಿಕ್ಕಿಕೊಂಡಿದೆ. ಒತ್ತಿ ತಿರುಗಿಸಿದರೆ ಬಿಸ್ಕೀಟಿನ ಹಾಗೆ ಮುರಿಯುತ್ತದೆ.

ಲೇಪನ ಎದ್ದ ಜಾಗ ಇದ್ದರೆ ನೋಡಿ. ಕೆಳಗೆ ಹಳದಿ ಇದ್ದರೆ ಹಿತ್ತಾಳೆ, ಮಾಸಲು ಬೂದು ಬಣ್ಣ ಇದ್ದು ಅಯಸ್ಕಾಂತವೂ ಹಿಡಿಯದಿದ್ದರೆ ಸತು. ಸತುವಿನ ಈ ರೋಗಕ್ಕೆ ಔಷಧಿ ಇಲ್ಲ. ನೀರು, ಹುಳಿ ಎರಡನ್ನೂ ದೂರ ಇಡಿ, ಒಣ ಬಟ್ಟೆಯಿಂದ ಒರೆಸಿ, ಇದ್ದ ಹಾಗೇ ಬಿಡಿ. ನುಡಿಸಲೇಬೇಕು ಅಂದರೆ ಅದೇ ಅಳತೆಯ ಬೇರೆ ಸೌಂಡ್ ಬಾಕ್ಸ್ ಹುಡುಕಬೇಕು. ಬಿಚ್ಚೋ ಕೆಲಸ ಮಾತ್ರ ಗೊತ್ತಿದ್ದವರಿಗೇ ಕೊಡಿ.

ಪ್ರಶ್ನೆ (ಹಾವೇರಿಯಿಂದ): ನಮ್ಮದು ದೊಡ್ಡ ಹಿತ್ತಾಳೆ ಕಹಳೆಯ ಗ್ರಾಮಫೋನ್, ಮುಂಬೈಯಲ್ಲಿ ಕೊಂಡಿದ್ದು. ಅದಕ್ಕಾದರೂ ಹುಣಸೆಹಣ್ಣು ನಡೆಯುತ್ತಾ?

ಉತ್ತರ: ಈಗ ಮಾರಾಟಕ್ಕಿರೋ ಹಿತ್ತಾಳೆ ಕಹಳೆಯ ಯಂತ್ರಗಳಲ್ಲಿ ಬಹಳಷ್ಟು ಹೊಸದಾಗಿ ಜೋಡಿಸಿದವು. ಹಳೇ ಕಹಳೆಗಳಲ್ಲಿ ಬಣ್ಣ ಬಳಿದ ತಗಡಿನವು ಜಾಸ್ತಿ. ನಿಮ್ಮದು ಹೊಸ ಹಿತ್ತಾಳೆ ಆಗಿದ್ದರೆ ಧಾರಾಳವಾಗಿ ಹಚ್ಚಿ. ಕಹಳೆ ಬಿಚ್ಚಿ ದೂರ ಒಯ್ದು ತೊಳೆಯಿರಿ, ಚೆನ್ನಾಗಿ ಜಾಲಿಸಿ ಕೂಡಲೇ ಒಣಗಿಸಿ. ಹೊಂಬಣ್ಣದ ವಾರ್ನಿಶ್ ಇದ್ದರೆ ಒದ್ದೆ ಬಟ್ಟೆ ಸಾಕು. ವಾರ್ನಿಶ್ ಒಂದು ಕಡೆ ಎದ್ದರೆ ಆ ಜಾಗ ಕಪ್ಪಾಗಿ ಕಲೆ ಬೀಳುತ್ತದೆ.

ಪ್ರಶ್ನೆ (ಮತ್ತೆ ಧಾರವಾಡದಿಂದ): ಕ್ರೋಮೇ ಸರ್, ನೋಡಿದೆ. ಹೊಸ ಲೇಪನ ಹಾಕಿಸಿಬಿಡಲಾ? ಮತ್ತೆ ತಿರುಗುವಾಗ ಒಳಗೆ ಧಡ್ ಧಡ್ ಸದ್ದು ಬರುತ್ತದೆ.

ಉತ್ತರ: ಲೇಪನಕ್ಕೆ ಮುಂಚೆ ಉಜ್ಜಿ ನುಣುಪು ಮಾಡುವ ಬಫಿಂಗ್ ಚಕ್ರಕ್ಕೆ ಹಿಡಿಯುತ್ತಾರೆ. ಅಂಚು, ಅಕ್ಷರ ಎಲ್ಲ ಸವೆದು ಗುಂಡಗಾಗುತ್ತವೆ. ಹ್ಯಾಂಡಲ್ ಪೂರ್ತಿ ಹಾಳಾಗಿದ್ದರೆ ಅದೊಂದನ್ನು ಮಾಡಿಸಿ. ತೋಳನ್ನು ಹಾಗೇ ಬಿಡಿ. ಅಜ್ಜಾರ ಕೈ ಆಡಿದ ತೋಳು ಅದು.

ಧಡ್ ಅನ್ನೋದು ಸ್ಪ್ರಿಂಗ್. ಡಬ್ಬಿಯೊಳಗಿನ ಗ್ರೀಸು ಗಟ್ಟಿಯಾಗಿ ಸುರುಳಿಗಳು ಅಂಟಿಕೊಂಡು, ಒಮ್ಮೆಲೇ ಬಿಟ್ಟುಕೊಳ್ಳುತ್ತವೆ. ಆ ಡಬ್ಬಿಯನ್ನು ನೀವು ತೆರೆಯಲೇಬೇಡಿ. ಸ್ಪ್ರಿಂಗ್ ಚಿಮ್ಮಿದರೆ ಕೈ ಸೀಳುತ್ತದೆ. ಚಾವಿ ಪೂರ್ತಿ ಇಳಿಯಲು ಬಿಟ್ಟು, ಗೊತ್ತಿದ್ದವರಿಂದ ತೊಳೆಸಿ ಗ್ರಾಫೈಟ್ ಗ್ರೀಸ್ ಹಾಕಿಸಿ. ವೇಗ ಹಿಡಿದಿಡೋ ಮೂರು ಗುಂಡುಗಳ ಗವರ್ನರ್ ಪಕ್ಕದ ಪುಟ್ಟ ಫೆಲ್ಟಿಗೆ ಒಂದು ಹನಿ ಮಷಿನ್ ಎಣ್ಣೆ ಸಾಕು. ಹ್ಯಾಂಡಲ್ ಮತ್ತು ತೋಳಿನ ಬುಡದ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.