ಐದು ಜನ ಕೂತರೆ ಬೋಟು ಏಳಲ್ಲ: 9.9 ಎಚ್‌ಪಿ ಮೋಟಾರಿಗೆ ಯಾವ ಪ್ರೊಪೆಲ್ಲರ್?

ಕುಣಿಗಲ್ ಬೋಟು:
ಎಲ್ಲರಿಗೂ ನಮಸ್ಕಾರ. ನಮ್ಮದು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಜಲಾಶಯದ ಪಕ್ಕದ ಊರು. ಇಷ್ಟು ವರ್ಷ ಹರಿಗೋಲಲ್ಲೇ ಬಲೆ ಬಿಡುತ್ತಿದ್ದೆವು. ಈ ಸಲ ಐದು ಜನ ದುಡ್ಡು ಹಾಕಿ ಕರಾವಳಿ ಕಡೆಯಿಂದ 14 ಅಡಿಯ ಫೈಬರ್ ಬೋಟು, 9.9 ಎಚ್‌ಪಿ ಪೆಟ್ರೋಲ್ ಮೋಟಾರು ಸೆಕೆಂಡ್‌ಹ್ಯಾಂಡ್ ತಂದೆವು. ಫೋರ್ ಸ್ಟ್ರೋಕ್, ಎರಡು ಸಿಲಿಂಡರ್.

ನಾನೊಬ್ಬನೇ ಕೂತರೆ ಚೆನ್ನಾಗಿ ಓಡುತ್ತೆ, ಫೋನಿನ ಜಿಪಿಎಸ್‌ನಲ್ಲಿ ಗಂಟೆಗೆ 29 ಕಿ.ಮೀ. ಐದೂ ಜನ ಬಲೆ ಸಮೇತ ಕೂತರೆ ಮೂತಿ ಮೇಲೆತ್ತಿಕೊಂಡು, ಹಿಂಭಾಗ ನೀರಲ್ಲಿ ಕುಸಿದು ಕೂರುತ್ತೆ. ಫುಲ್ ಥ್ರಾಟಲ್ ಕೊಟ್ಟರೂ 13 ದಾಟಲ್ಲ. ಎಂಜಿನ್ ಉಬ್ಬಸದವರ ಹಾಗೆ ಏದುಸಿರು ಬಿಡುತ್ತೆ. ಇನ್ನೊಂದು, ಜೋರಾಗಿ ತಿರುಗಿಸಿದರೆ ಇದ್ದಕ್ಕಿದ್ದ ಹಾಗೆ ಕಿರುಚಿಕೊಂಡು ಎಳೆತವೇ ನಿಂತುಹೋಗುತ್ತೆ.

ಪ್ಲಗ್ ವೈರಿಗೆ ಸುತ್ತುವ ಆರ್‌ಪಿಎಂ ಮೀಟರ್ ಹಾಕಿ ನೋಡಿದೆ. ಒಬ್ಬನೇ ಇದ್ದಾಗ ನಿಮಿಷಕ್ಕೆ 10,200 ಸುತ್ತು, ಐದು ಜನ ಇದ್ದಾಗ 8,600 ತೋರಿಸಿತು. ಪ್ರೊಪೆಲ್ಲರ್ ಮೇಲೆ 9¼ x 11 ಅಂತ ಕೆತ್ತಿದೆ, ಮೂರು ರೆಕ್ಕೆ, ಅಲ್ಯೂಮಿನಿಯಂ. ಅಂಗಡಿಯಲ್ಲಿ ಕೇಳಿದರೆ "13 ಪಿಚ್ ಹಾಕಿ, ಎಳೆತ ಜಾಸ್ತಿ" ಅಂದರು. ತರಿಸಿಬಿಡಲಾ?

ಮಲ್ಪೆ ಮೆಕ್ಯಾನಿಕ್, ಈಗ ತುಮಕೂರು:
13 ಮಾತ್ರ ತರಿಸಬೇಡಿ ಮಾರಾಯ್ರೆ, ದುಡ್ಡೂ ದಂಡ, ಎಂಜಿನ್ನೂ ಹಾಳು.

ಮೊದಲು ಮೀಟರ್ ವಿಷಯ. 9.9 ಮೋಟಾರು 10,000 ತಿರುಗುವುದೇ ಇಲ್ಲ. ಇಂಥ ಫೋರ್ ಸ್ಟ್ರೋಕ್ ಮೋಟಾರುಗಳಲ್ಲಿ ಬಹಳಷ್ಟು ಪ್ರತಿ ಸುತ್ತಿಗೂ ಒಂದು ಕಿಡಿ ಕೊಡುತ್ತವೆ. ನಿಮ್ಮ ಮೀಟರ್ ಎರಡು ಸುತ್ತಿಗೆ ಒಂದು ಕಿಡಿ ಅಂತ ಲೆಕ್ಕ ಹಿಡಿದಿದೆ, ಅದಕ್ಕೇ ದುಪ್ಪಟ್ಟು ತೋರಿಸ್ತಾ ಉಂಟು. ಅರ್ಧ ಮಾಡಿ: ಒಬ್ಬರಿಗೆ 5,100, ಐದು ಜನಕ್ಕೆ 4,300. ಮೋಟಾರಿನ ಪುಸ್ತಕದಲ್ಲಿ ಫುಲ್ ಥ್ರಾಟಲ್‌ಗೆ ಎಷ್ಟರಿಂದ ಎಷ್ಟು ಅಂತ ಕೊಟ್ಟಿದ್ದಾರೆ, ನೋಡಿ ಹೇಳಿ. ಗೇರ್ ಅನುಪಾತವೂ ಬೇಕು, ಅಂದರೆ ಎಂಜಿನ್ ಎಷ್ಟು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು ಅಂತ.

9¼ ಅಂದರೆ ಅಡ್ಡಗಲ, 11 ಅಂದರೆ ಪಿಚ್, ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ತಿರುಗಿಸಿದಾಗ ಒಂದು ಸುತ್ತಿಗೆ ಇಷ್ಟು ಒಳಗೆ ಹೋಗ್ತದಲ್ವಾ, ಹಾಗೆ ಈ ಫ್ಯಾನು ಒಂದು ಸುತ್ತಿಗೆ 11 ಇಂಚು ಮುಂದೆ ಹೋಗಲಿಕ್ಕೆ ನೋಡ್ತದೆ. ಪಿಚ್ ಜಾಸ್ತಿ ಅಂದರೆ ಟಾಪ್ ಗೇರ್. ಐದು ಜನರ ಭಾರಕ್ಕೆ 11 ಇಟ್ಟರೆ, ದೇವರಾಯನದುರ್ಗದ ಏರಿನಲ್ಲಿ ಬೈಕಿಗೆ ಮೂವರನ್ನು ಕೂರಿಸಿ ಟಾಪ್ ಗೇರಲ್ಲೇ ಹತ್ತಿಸಿದ ಹಾಗೆ. 13 ಹಾಕಿದರೆ ಇನ್ನೂ ಕಷ್ಟ. ಹಾಗೆ ಉಸಿರುಗಟ್ಟಿಸಿ ದಿನಾ ಓಡಿಸಿದರೆ ಎಂಜಿನ್ ಒಳಗೆ ಮಸಿ ಕಟ್ಟುತ್ತದೆ, ಬಿಸಿ ಹೆಚ್ಚುತ್ತದೆ, ಬೇರಿಂಗ್ ಮೇಲೆ ಹೊರೆ ಬೀಳುತ್ತದೆ.

ಆದರೆ ತಿರುವಿನಲ್ಲಿ ಕಿರುಚುವುದು ಪಿಚ್ಚಿನ ದೋಷ ಅಲ್ಲ. ಅದು ಗಾಳಿ ಎಳೆಯುವುದು, ಇಲ್ಲವೇ ಫ್ಯಾನನ್ನು ಶಾಫ್ಟಿಗೆ ಹಿಡಿದಿಡುವ ಒಳಗಿನ ರಬ್ಬರ್ ಹಬ್ ಜಾರುವುದು. ಅದನ್ನು ನೋಡದೆ ಹೊಸ ಫ್ಯಾನು ತಗೊಳ್ಳಬೇಡಿ. ಹಬ್ಬಿನ ಒಳತುಂಡಿನಿಂದ ಹೊರತುಂಡಿಗೆ ಅಡ್ಡಲಾಗಿ ನೇಲ್‌ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಒಣಗಿದ ಮೇಲೆ ಭಾರ ಹಾಕಿ ಓಡಿಸಿ ಬನ್ನಿ. ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ಹಬ್ ಹೋಗಿದೆ ಅಂತ. ಆಮೇಲೆ ದೋಣಿಯ ತಳಕ್ಕೆ ನೇರವಾದ ಪಟ್ಟಿ ಹಿಡಿದು ಹಿಂದಕ್ಕೆ ಚಾಚಿ. ಫ್ಯಾನಿನ ಮೇಲೆ ಅಡ್ಡ ತಟ್ಟೆ ಉಂಟಲ್ಲ, ಅದು ಪಟ್ಟಿಗಿಂತ ಎಷ್ಟು ಮೇಲಿದೆ, ಅಳೆಯಿರಿ.

ಕೋಲಾರ ಕೆರೆ:
ಹೇಗೂ ಪ್ರೊಪೆಲ್ಲರ್ ಬಿಚ್ಚುತ್ತೀರಲ್ಲ ಅಣ್ಣ, ಅದರ ಹಿಂದೆ ಶಾಫ್ಟಿಗೆ ಗಾಳದ ನೈಲಾನ್ ದಾರ ಸುತ್ತಿಕೊಂಡಿದೆಯಾ ಅಂತಲೂ ನೋಡಿ. ಹೊರಗಿನಿಂದ ಕಾಣಿಸುವುದೇ ಇಲ್ಲ. ನಮ್ಮ ಮೋಟಾರಿನಲ್ಲಿ ಅದು ಆಯಿಲ್ ಸೀಲನ್ನು ಕೊಯ್ದು, ಗೇರ್ ಡಬ್ಬಿಗೆ ನೀರು ಸೇರಿ, ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ಹಿಡಿದರೆ ಗೊತ್ತಾಗುತ್ತೆ.

ಕುಣಿಗಲ್ ಬೋಟು:
ಭಾನುವಾರ ಮೂರೂ ನೋಡಿದೆ.

ಗೆರೆ ಹಾಗೇ ಇದೆ, ಒಂದು ಕೂದಲೂ ಸರಿದಿಲ್ಲ. ದಾರ ಮಾತ್ರ ಇತ್ತು! ದೊಡ್ಡ ವಾಷರ್ ಹಿಂದೆ ನೆಲ್ಲಿಕಾಯಿ ಗಾತ್ರದ ಉಂಡೆ, ಬಿಸಿಗೆ ಕರಗಿ ಗಟ್ಟಿಯಾಗಿತ್ತು. ಬ್ಲೇಡಿನಿಂದ ಎಳೆಎಳೆಯಾಗಿ ಕೊಯ್ದು ತೆಗೆದೆ. ಆಯಿಲ್ ಹೊಂಬಣ್ಣಕ್ಕೇ ಇದೆ, ಬಚಾವ್. ಕೋಲಾರದ ಅಣ್ಣನಿಗೆ ದೊಡ್ಡ ನಮಸ್ಕಾರ.

ಪಟ್ಟಿ ಹಿಡಿದು ನೋಡಿದರೆ ತಟ್ಟೆ ದೋಣಿಯ ತಳಕ್ಕಿಂತ ಎರಡೂವರೆ ಇಂಚು ಮೇಲಿದೆ. ಮೋಟಾರು ಕೂರುವ ಹಿಂಬದಿ ಹಲಗೆಯ ಮೇಲೆ ಯಾರೋ ಎರಡು ಇಂಚಿನ ಮರದ ತುಂಡು ಕೂರಿಸಿ, ಮೇಲೆ ಪೇಂಟ್ ಬಳಿದಿದ್ದಾರೆ. ಪುಸ್ತಕದಲ್ಲಿ 5,000ದಿಂದ 6,000 ಅಂತಿದೆ, ಗೇರ್ 2.08.

ಮಲ್ಪೆ ಮೆಕ್ಯಾನಿಕ್, ಈಗ ತುಮಕೂರು:
ಹಾಗಾದರೆ ತಿರುವಿನ ಕಿರುಚಾಟಕ್ಕೆ ಕಾರಣ ಸಿಕ್ಕಿತು. ನಿಮ್ಮದು 15 ಇಂಚಿನ ಶಾರ್ಟ್ ಶಾಫ್ಟ್, ಅಂದರೆ ಕಾಲು ಗಿಡ್ಡ ಇರುವ ಮೋಟಾರು. ಮೊದಲು ಈ ಬೋಟಿಗೆ ಲಾಂಗ್ ಶಾಫ್ಟ್ ಮೋಟಾರು ಇತ್ತೋ ಏನೋ, ಅದಕ್ಕೆ ಎತ್ತರ ಮಾಡಿರಬೇಕು. ತಟ್ಟೆ ತಳದ ಮಟ್ಟಕ್ಕೆ ಅಥವಾ ಒಂದು ಇಂಚಿನ ಒಳಗೆ ಇರಬೇಕು. ಅಷ್ಟು ಮೇಲಿದ್ದರೆ ದೋಣಿ ವಾಲಿದ ಕೂಡಲೇ ಫ್ಯಾನು ನೀರಿನ ಬದಲು ಗಾಳಿ ಕುಡಿಯುತ್ತದೆ. ತುಂಡು ತೆಗೆದು ಮೋಟಾರು ಇಳಿಸಿ. ಆ ಹಲಗೆ ಒಳಗೆ ಕೊಳೆತಿದೆಯಾ ಅಂತ ಸುತ್ತಿಗೆಯಲ್ಲಿ ತಟ್ಟಿ ನೋಡಿ, ಕ್ಲಾಂಪ್ ಕಚ್ಚಿಕೊಳ್ಳುವುದು ಅದನ್ನೇ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಲೆಕ್ಕ ನಾನು ಹಾಕುತ್ತೇನೆ. 5,100ನ್ನು 2.08ರಿಂದ ಭಾಗಿಸಿದರೆ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 2,450 ಸುತ್ತು. ಸುತ್ತಿಗೆ 11 ಇಂಚು ಅಂದರೆ ಗಂಟೆಗೆ 41 ಕಿ.ಮೀ. ನಿಮಗೆ ಸಿಕ್ಕಿದ್ದು 29, ಅಂದರೆ ಶೇ. 30ರಷ್ಟು ನೀರಲ್ಲಿ ಜಾರಿಹೋಗಿದೆ. ಚಿಕ್ಕ ದೋಣಿಗೆ 20ರಿಂದ 30 ಸಹಜ. ಐದು ಜನ ಇದ್ದಾಗ ಲೆಕ್ಕದ ಪ್ರಕಾರ 35 ಬರಬೇಕು, ಬಂದದ್ದು 13. ಶೇ. 60ಕ್ಕೂ ಹೆಚ್ಚು ನಷ್ಟ. ನೀರು ಕಡೆದು ಕಡೆದು ಪೆಟ್ರೋಲ್ ಸುರಿಯುತ್ತಿದ್ದೀರಿ.

ಇನ್ನೊಂದು ಮಾತು, ನಮ್ಮ ಬಯಲುಸೀಮೆಯವರು ಇದನ್ನು ಮರೆಯಲೇಬಾರದು. ಆ ಪ್ರೊಪೆಲ್ಲರ್ ಓಡಿದ್ದು ಸಮುದ್ರಮಟ್ಟದಲ್ಲಿ. ಮಾರ್ಕೋನಹಳ್ಳಿ 700 ಮೀಟರಿಗೂ ಮೇಲಿದೆ, ನಮ್ಮ ಚಿಕ್ಕಬಳ್ಳಾಪುರ 900ಕ್ಕೂ ಮೇಲೆ. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳು. ಪ್ರತಿ 300 ಮೀಟರಿಗೆ ಎಂಜಿನ್ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ನಿಮ್ಮ 9.9 ಅಲ್ಲಿ 9.2ರ ಹತ್ತಿರ. ಕರಾವಳಿಯಲ್ಲಿ ಒಬ್ಬಿಬ್ಬರಿಗೆ ಸರಿಯಾಗಿದ್ದ 11, ನಿಮ್ಮಲ್ಲಿ ಐದು ಜನಕ್ಕೆ ಹೇಗೂ ದೊಡ್ಡದೇ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತೆ. ನನ್ನ ಲೆಕ್ಕಕ್ಕೆ 8 ಬರುತ್ತೆ. ಅಡ್ಡಗಲ 9¼ ಹಾಗೇ ಇರಲಿ.

ಕುಣಿಗಲ್ ಬೋಟು:
8 ಹಾಕಿದರೆ ಒಬ್ಬನೇ ಹೋಗುವಾಗ ಎಂಜಿನ್ 6,000 ದಾಟಿ ಹಾಳಾಗಲ್ವಾ? ಸ್ಟೀಲಿನದೇ ತಗೊಳ್ಳಿ ಅಂತಲೂ ಒಬ್ಬರು ಹೇಳುತ್ತಿದ್ದಾರೆ.

ಮಲ್ಪೆ ಮೆಕ್ಯಾನಿಕ್, ಈಗ ತುಮಕೂರು:
ಮೂರು ಇಂಚಿಗೆ 600–700 ಏರಿದರೂ 5,800ರ ಸುತ್ತ ನಿಲ್ಲುತ್ತದೆ. 7ಕ್ಕೆ ಇಳಿದರೆ ಭಾರಕ್ಕೆ ಇನ್ನೂ ಒಳ್ಳೆಯದು, ಆದರೆ ಒಬ್ಬರೇ ಇದ್ದಾಗ 6,000 ಮುಟ್ಟುತ್ತದೆ. ದಿನಾ ಐದು ಜನ ಹೋಗುವುದಾದರೂ 8ರಲ್ಲೇ ನಿಲ್ಲಿ.

ಸ್ಟೀಲ್ ಬೇಡವೇ ಬೇಡ. ಈ ಕಡೆಯ ಕೆರೆಗಳಲ್ಲಿ ಕರಿಜಾಲಿಯ ಮೋಟು ನೀರಡಿ ನಿಂತಿರುತ್ತದೆ. ಅಲ್ಯೂಮಿನಿಯಂ ಆದರೆ ರೆಕ್ಕೆ ಬಗ್ಗಿ ಪೆಟ್ಟು ತಾನೇ ತಿನ್ನುತ್ತದೆ. ಸ್ಟೀಲ್ ಬಗ್ಗುವುದಿಲ್ಲ, ಪೆಟ್ಟು ಗೇರಿಗೆ ಹೋಗುತ್ತದೆ. ಕೊಳ್ಳುವ ಮುಂಚೆ ಶಾಫ್ಟಿನ ಹಲ್ಲು ಎಣಿಸಿ, ಹೊಸದರ ಹಲ್ಲೂ ಅಷ್ಟೇ ಇರಬೇಕು.

ಹಾಕುವಾಗ ಪ್ಲಗ್ ಕ್ಯಾಪ್ ಎರಡೂ ತೆಗೆದಿಡಿ. ಇದು ತಪ್ಪಿದರೆ ಬೆರಳು ಹೋಗುತ್ತದೆ. ಶಾಫ್ಟಿಗೆ ಗ್ರೀಸ್ ಹಚ್ಚಿ, ದೊಡ್ಡ ವಾಷರ್ ಮೊದಲು, ಆಮೇಲೆ ಫ್ಯಾನು. ರೆಕ್ಕೆಗೂ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ಟು ಬಿಗಿ ಮಾಡಿ. ನಟ್ಟು ಕಳಚದ ಹಾಗೆ ಹಿಡಿಯುವ ಕಾಟರ್ ಪಿನ್ ಹೊಸದೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ.

ಕೋಲಾರ ಕೆರೆ:
ಮೋಟಿನ ಮಾತು ನಿಜ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು, ಬರಲು ಶುರುವಾದಾಗ ನಮ್ಮ ಕಡೆ ಎಷ್ಟೋ ಕೆರೆಗಳಲ್ಲಿ ಜಾಲಿಮರ ನಿಂತ ನಿಲುವಲ್ಲೇ ಮುಳುಗಿದವು. ಹಳೆಯ 11ನ್ನು ಎಸೆಯಬೇಡಿ. ಸ್ಪ್ಯಾನರ್, ಎರಡು ಕಾಟರ್ ಪಿನ್ ಜೊತೆ ಗೋಣಿಚೀಲದಲ್ಲಿ ಸುತ್ತಿ ದೋಣಿಯಲ್ಲೇ ಇಡಿ.

ಕುಣಿಗಲ್ ಬೋಟು:
ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ. ಮೊದಲು ಮರದ ತುಂಡು ತೆಗೆದು ಮೋಟಾರು ಇಳಿಸಿದೆ. ಹಲಗೆ ಗಟ್ಟಿ ಇದೆ. ತಟ್ಟೆ ಈಗ ತಳಕ್ಕಿಂತ ಅರ್ಧ ಇಂಚು ಮೇಲೆ. ಅವತ್ತೇ ತಿರುವಿನ ಕಿರುಚಾಟ ನಿಂತಿತು. ಆದರೆ ಆರ್‌ಪಿಎಂ ನೂರು ಇಳಿದು ಐದು ಜನಕ್ಕೆ 4,200 ಆಯಿತು. ಪಿಚ್ ದೊಡ್ಡದು ಅನ್ನೋದು ಆವಾಗ ಕಣ್ಣಿಗೇ ಕಂಡಿತು.

ನಿನ್ನೆ 9¼ x 8 ಹಾಕಿದೆವು. ಒಬ್ಬನೇ: 5,700, ವೇಗ 26. ಮೂರು ಕಿ.ಮೀ. ಹೋಯಿತು, ಹೋಗಲಿ. ನಾಲ್ಕು ಜನ: 5,200, ವೇಗ 19. ಥ್ರಾಟಲ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ಮೂತಿ ತಾನೇ ಇಳಿದು ಎದುರು ದಡ ಕಾಣಿಸಿತು. ಐದು ಜನ, ಒದ್ದೆ ಬಲೆ ಎಲ್ಲ ಸೇರಿ: 4,900, ವೇಗ 15. ಬಲೆಯನ್ನು ಹಿಂದಿನಿಂದ ನಡುವಿಗೆ ಸರಿಸಿದೆವು, 5,000 ಮುಟ್ಟಿತು. ಏದುಸಿರು ಇಲ್ಲ.

ಐದು ಲೈಫ್ ಜಾಕೆಟ್ ತಂದಿದ್ದೇವೆ. ಮಳೆಗಾಲದಲ್ಲಿ ಡ್ಯಾಂ ತುಂಬಿದರೆ ಹೆಚ್ಚಾದ ನೀರನ್ನು ಹೊರಹಾಕುವ ಇಲ್ಲಿಯ ಸೈಫನ್ ತಾನಾಗೇ ನೀರು ಎಳೆಯಲು ಶುರು ಮಾಡುತ್ತೆ, ಆ ಕಡೆಗೆ ಬೋಟು ಬಿಡುವುದಿಲ್ಲ ಅಂತ ಐದೂ ಜನ ಮಾತಾಡಿಕೊಂಡಿದ್ದೇವೆ. ಹಳೆಯ 11 ಗೋಣಿಚೀಲದಲ್ಲಿ ಮುಂದಿನ ಸೀಟಿನ ಕೆಳಗಿದೆ.