ಕಡಲಹುಲ್ಲಿನ ಹಳೆಯ ಸಂಶೋಧನಾ ಲೇಖನಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ (ಕರಾವಳಿ ಉಪನ್ಯಾಸಕಿ)

ಮಾನ್ಯರೇ, ನಾನು ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಯ ಕಡಲಹುಲ್ಲುಗಳ ಕುರಿತು ನನ್ನ ಇಬ್ಬರು ವಿದ್ಯಾರ್ಥಿನಿಯರು ಕಿರುಪ್ರಬಂಧ ಬರೆಯುತ್ತಿದ್ದಾರೆ. ಕಡಲಕಳೆಯ ಬಗ್ಗೆ ಅಲ್ಲ, ಬೇರು ಬಿಟ್ಟು ಸಮುದ್ರದ ನೀರಿನೊಳಗೇ ಹೂ ಅರಳಿಸುವ ಸಸ್ಯಗಳ ಬಗ್ಗೆ. 2022ರಲ್ಲಿ ತಮಿಳುನಾಡು ಸರ್ಕಾರವು ಪಾಕ್ ಕೊಲ್ಲಿಯ 448 ಚದರ ಕಿ.ಮೀ. ಪ್ರದೇಶವನ್ನು ಕಡಲಹುಲ್ಲು ಮೇಯುವ ಸಸ್ತನಿಯಾದ ಕಡಲಹಸುವಿನ (ಡುಗಾಂಗ್) ಸಂರಕ್ಷಣೆಗೆ ಮೀಸಲಿಟ್ಟ ನಂತರದ ಬರಹಗಳು ಸುಲಭವಾಗಿ ಸಿಗುತ್ತಿವೆ. ಆದರೆ ಅದಕ್ಕಿಂತ ಹಿಂದಿನವು ಹುಡುಕಾಟದಲ್ಲಿ ಕಾಣುವುದೇ ಇಲ್ಲ, ಕಂಡರೂ ಸಾರಾಂಶದಿಂದ ಮುಂದೆ ಓದಲು ಹಣ ಕೇಳುತ್ತವೆ. ಸಿಕ್ಕಿದ್ದನ್ನು ತರಗತಿಯವರೊಂದಿಗೆ ಹಂಚಿಕೊಳ್ಳುವ ಸರಿಯಾದ ಕ್ರಮವನ್ನೂ ದಯವಿಟ್ಟು ತಿಳಿಸಿ.

ಉತ್ತರ (ಹರ್ಬೇರಿಯಂ)

ತಾವು ಈಗಿನ ಹೆಸರುಗಳನ್ನಷ್ಟೇ ಕೊಟ್ಟು ಹುಡುಕುತ್ತಿರಬೇಕು ಎಂದು ನನ್ನ ಊಹೆ. ಇಂದು ಹ್ಯಾಲೊಡ್ಯೂಲ್ ಯೂನಿನರ್ವಿಸ್ ಎನ್ನುವ ಸಸ್ಯ ಹಳೆಯ ಬರಹಗಳಲ್ಲಿ ಡಿಪ್ಲಾಂಥೆರಾ ಯೂನಿನರ್ವಿಸ್ ಆಗಿದೆ. ಸಿರಿಂಗೋಡಿಯಂ ಐಸೊಯೆಟಿಫೋಲಿಯಂ ಎಂಬುದು ಸೈಮೊಡೋಸಿಯಾ ಕುಲದಲ್ಲಿತ್ತು. 'ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಷೀಸ್' ತಾಣದಲ್ಲಿ ಪ್ರತಿ ಪ್ರಭೇದದ ಹಳೆಯ ಹೆಸರುಗಳೂ ಇರುತ್ತವೆ. ಮೊದಲು ಅವನ್ನು ಬರೆದಿಟ್ಟುಕೊಂಡು, ಬಳಿಕ ಒಂದೊಂದಾಗಿ ಗೂಗಲ್ ಸ್ಕಾಲರ್‌ಗೆ ಕೊಡಿ.

ಊರಿನ ಹೆಸರೂ ಕೈಕೊಡುತ್ತದೆ. ಮುತ್ತಿನ ಚಿಪ್ಪಿನ ಮೀನುಗಾರಿಕೆಯ ಬಗ್ಗೆ ಹರ್ಡ್‌ಮನ್ 1903ರಿಂದ 1906ರವರೆಗೆ ಸಿಲೋನ್ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಶೀರ್ಷಿಕೆಯಲ್ಲಿ ಮನ್ನಾರ್ ಎಂಬುದಕ್ಕೆ ಒಂದೇ 'ಎನ್', ಎರಡನೆಯ 'ಎ' ಮಾತ್ರ ಜೋಡಿ (Manaar). ಇಂದಿನ ಕಾಗುಣಿತದಲ್ಲಿ ಹುಡುಕಿದವರಿಗೆ ಅದು ಸಿಗದಿದ್ದರೆ ಆಶ್ಚರ್ಯವಿಲ್ಲ. ಅಷ್ಟು ಹಳೆಯ ಸಂಪುಟಗಳನ್ನು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಓದಬಹುದು.

ಉತ್ತರ (ಗ್ರಂಥಪಾಲಕ)

ಹಣ ಕೇಳುವ ಪುಟ ಎದುರಾದೊಡನೆ ಕೈಚೆಲ್ಲಬೇಡಿ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ತಮ್ಮ ವಿಜ್ಞಾನಿಗಳ ಬರಹಗಳಿಗಾಗಿ ಮುಕ್ತ ಡಿಜಿಟಲ್ ಭಂಡಾರಗಳನ್ನು ಇಟ್ಟಿವೆ. ಭಾರತದ ಕರಾವಳಿಯ ಕಡಲಹುಲ್ಲಿನ ಹಂಚಿಕೆಯ ಬಗ್ಗೆ ಗೋವಾ ಸಂಸ್ಥೆಯ ಜಗತಾಪ್ ಅವರು 'ಅಕ್ವಾಟಿಕ್ ಬಾಟನಿ' ಪತ್ರಿಕೆಯಲ್ಲಿ 1991ರಲ್ಲಿ ಪ್ರಕಟಿಸಿದ ಲೇಖನದಿಂದ ಆರಂಭಿಸಿ, ಅದನ್ನು ಉಲ್ಲೇಖಿಸಿದ ನಂತರದ ಲೇಖನಗಳನ್ನು ಹಿಂಬಾಲಿಸಿದರೆ ಅರ್ಧ ಕೆಲಸ ಮುಗಿದಂತೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ನೋಡಿ. ಲೇಖನದಲ್ಲಿ ನಾಲ್ಕು ಸಾಲಿಗೆ ಇಳಿದ ಸಮೀಕ್ಷಾ ವಿವರ ಅಲ್ಲಿ ಕೋಷ್ಟಕ ಸಮೇತ ಇರುತ್ತದೆ. ಇಷ್ಟಾದರೂ ಸಿಗದಿದ್ದರೆ ಲೇಖಕರಿಗೇ ವಿನಯದಿಂದ ಒಂದು ಮಿಂಚಂಚೆ ಬರೆಯಿರಿ.

ಹಂಚಿಕೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನವನು. ಮರುಹಂಚಿಕೆಗೆ ಲೇಖಕರೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಕಡತವನ್ನು ಅದರ ಷರತ್ತುಗಳಿಗೆ ಒಳಪಟ್ಟು ಧಾರಾಳವಾಗಿ ಹಂಚಿ; ಉಳಿದವುಗಳ ಕಡತವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವ ಬದಲು ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶವಾದ ಝೊಟೆರೊದಲ್ಲಿ ಗುಂಪು ರಚಿಸಿ, ಲೇಖನದ ವಿವರ, ಡಿಒಐ ಸಂಖ್ಯೆ (ಲೇಖನದ ಶಾಶ್ವತ ಗುರುತು) ಮತ್ತು ನಿಮ್ಮ ಟಿಪ್ಪಣಿಯನ್ನು ಮಾತ್ರ ಸೇರಿಸಿ. ಮುಂದಿನ ವರ್ಷದ ವಿದ್ಯಾರ್ಥಿಗಳಿಗೂ ಅದು ಒದಗುತ್ತದೆ.

ಉತ್ತರ (ಉಬ್ಬರವಿಳಿತ)

ಒಂದು ಎಚ್ಚರಿಕೆ ಸೇರಿಸುತ್ತೇನೆ. 'ಕಡಲಹುಲ್ಲು ವರ್ಷಕ್ಕೆ ಶೇ. 7ರಷ್ಟು ನಶಿಸುತ್ತಿದೆ' ಎಂಬ ವಾಕ್ಯ ಎಷ್ಟೋ ಪ್ರಬಂಧಗಳ ಪೀಠಿಕೆಯಲ್ಲಿದೆ. ಇದರ ಮೂಲ, ವೇಕಾಟ್ ಮತ್ತು ಸಂಗಡಿಗರು 215 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಅದರಲ್ಲಿ ಆ ದರ 1990ರ ನಂತರದ ಅವಧಿಗೆ ಸಂಬಂಧಿಸಿದ್ದು; 1940ಕ್ಕೆ ಮೊದಲು ಅದು ಶೇ. 0.9 ಆಗಿತ್ತು. ಅದನ್ನು ಪಾಕ್ ಕೊಲ್ಲಿಯ ಇಂದಿನ ಸ್ಥಿತಿ ಎಂಬಂತೆ ಬರೆಯುವುದು ತಪ್ಪಾಗುತ್ತದೆ. ವಿದ್ಯಾರ್ಥಿನಿಯರು ಮೂಲವನ್ನೇ ಓದಲಿ. ಅದು ಉಚಿತವಾಗಿಯೇ ಲಭ್ಯವಿದೆ.

ಮರುಪ್ರತಿಕ್ರಿಯೆ (ಕರಾವಳಿ ಉಪನ್ಯಾಸಕಿ)

ಎಲ್ಲರಿಗೂ ಕೃತಜ್ಞತೆಗಳು. ಶೇ. 7ರ ಆ ವಾಕ್ಯ ನಮ್ಮ ಕರಡಿನ ಮೊದಲ ಪುಟದಲ್ಲೇ ಇತ್ತು, ತೆಗೆಸಿದ್ದೇನೆ. ಝೊಟೆರೊ ಗುಂಪು ಸಿದ್ಧವಾದ ಮೇಲೆ ಅದರ ಕೊಂಡಿಯನ್ನು ಇಲ್ಲಿಯೇ ಹಾಕುತ್ತೇನೆ.